ಅಪ್ಪನ ಕತ್ತಿನ ಲೆಕ್ಕ

ತಲೆಯನ್ನು ಎಷ್ಟು ಬಗೆಯಲ್ಲಿ ಆಡಿಸಬಹುದು? ಕಂಪ್ಯೂಟರಿನ ಲೆಕ್ಕದಲ್ಲಿ ಆರು. ಎಡಕ್ಕೂ ಬಲಕ್ಕೂ ತಿರುಗಿಸುವುದು ಒಂದು, ನಾವು ‘ಇಲ್ಲ’ ಎನ್ನಲು ಮಾಡುತ್ತೇವಲ್ಲ ಹಾಗೆ. ಮೇಲೆ ಕೆಳಗೆ ಆಡಿಸುವುದು ಎರಡನೆಯದು, ‘ಹೌದು’ ಎನ್ನುವ ಹಾಗೆ. ಕಿವಿಯನ್ನು ಭುಜದ ಕಡೆ ವಾಲಿಸುವುದು ಮೂರನೆಯದು. ಇದು ಮಾತ್ರ ಪಕ್ಕಾ ನಮ್ಮ ಕಡೆಯದು. ‘ಆಯ್ತು ಬಿಡಿ’, ‘ನೋಡೋಣ’, ‘ಪರವಾಗಿಲ್ಲ’ ಎಲ್ಲಕ್ಕೂ ಒಂದೇ ಅಲ್ಲಾಟ. ಹಡಗು, ವಿಮಾನದವರ ಭಾಷೆಯಲ್ಲಿ ಇವು ಯಾ, ಪಿಚ್, ರೋಲ್. ಉಳಿದ ಮೂರು, ತಲೆ ತಿರುಗದೆ ಇದ್ದ ಹಾಗೇ ಸರಿಯುವಂಥವು: ಪಕ್ಕಕ್ಕೆ, ಮೇಲಕ್ಕೆ, ಪರದೆಯ ಹತ್ತಿರಕ್ಕೆ. ಈ ಆರು ಅಂಕಿಗಳನ್ನು ಕ್ಯಾಮೆರಾದಿಂದ ಅಳೆದು ಆಟಕ್ಕೆ ತಲುಪಿಸುವ ತಂತ್ರಾಂಶಕ್ಕೆ ಹೆಡ್ ಟ್ರ್ಯಾಕಿಂಗ್ ಅನ್ನುತ್ತಾರೆ. ನೀವು ತಲೆ ತಿರುಗಿಸಿದರೆ ಆಟದೊಳಗಿನ ಚಾಲಕನೂ ತಿರುಗಿಸುತ್ತಾನೆ.

ನಾನು ಡಿಪ್ಲೊಮಾ ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಮಾಡುವವಳು. ಆಟಗಳ ಗೀಳು ನನಗಿಲ್ಲ. ಇದನ್ನೆಲ್ಲ ಕಲಿತದ್ದು ಅಪ್ಪನಿಗಾಗಿ.

ಅಪ್ಪ 31 ವರ್ಷ ಸರ್ಕಾರಿ ಬಸ್ಸು ಓಡಿಸಿದ. ಹೆಚ್ಚು ಕಾಲ ಹಾಸನ–ಧರ್ಮಸ್ಥಳ, ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿದು. ನಿವೃತ್ತನಾದ ಮೇಲೆ ಕತ್ತು ನೋವು ಜೋರಾಯಿತು. ಹಾಸನದ ಡಾಕ್ಟರು ಎಕ್ಸ್‌ರೇ ಹಿಡಿದು ತೋರಿಸಿ, ಕತ್ತಿನ ಮೂಳೆ ಸವೆದಿದೆ, ಸ್ಪಾಂಡಿಲೋಸಿಸ್ ಎಂದರು. ಎರಡು ವರ್ಷದ ಹಿಂದೆ ಮನೆಯ ಹಳೇ ಮಾರುತಿಯನ್ನು ಗೇಟಿನಿಂದ ರಿವರ್ಸ್ ತೆಗೆಯುವಾಗ ಒಬ್ಬ ಸೈಕಲ್ ಹುಡುಗ ಹಿಂದಿನಿಂದ ಹಾದ. ಏನೂ ಆಗಲಿಲ್ಲ. ಹುಡುಗ ಬೈದುಕೊಂಡು ಹೋದ, ಅಪ್ಪ ಗಾಡಿ ಒಳಗೆ ಹಾಕಿದ, ಅವ್ವ ಕೀಲಿಯನ್ನು ಅಕ್ಕಿ ಡಬ್ಬಕ್ಕೆ ಸೇರಿಸಿದಳು. ಆಮೇಲೆ ಆ ವಿಷಯವನ್ನು ಮೂವರೂ ಎತ್ತಲಿಲ್ಲ.

ಅತ್ತೆ ಮಗ ಕೆಲಸ ಸಿಕ್ಕಿ ಪುಣೆಗೆ ಹೋಗುವಾಗ ತನ್ನ ಕಂಪ್ಯೂಟರು, ಆಟದ ಸ್ಟೇರಿಂಗು, ಪೆಡಲ್ಲು ನಮ್ಮನೆಯಲ್ಲಿ ಬಿಟ್ಟುಹೋದ. ಅದರಲ್ಲಿ ಯೂರೋ ಟ್ರಕ್ ಸಿಮ್ಯುಲೇಟರ್ 2 ಇತ್ತು. ಜೆಕ್ ದೇಶದ ಪ್ರಾಗ್ ನಗರದ ಕಂಪನಿಯೊಂದು 2012ರಲ್ಲಿ ಹೊರತಂದ ಆಟ. ಲಾರಿಗೆ ಸರಕು ತುಂಬಿಸಿಕೊಂಡು ಯುರೋಪಿನ ಊರಿಂದ ಊರಿಗೆ ಹೋಗಿ ಇಳಿಸುವುದು, ಅಷ್ಟೇ. ಗುಂಡು ಹೊಡೆಯುವುದಿಲ್ಲ, ಯಾರನ್ನೂ ಅಟ್ಟಿಸಿಕೊಂಡು ಹೋಗುವುದಿಲ್ಲ. ‘ದುಡ್ಡು ಕೊಟ್ಟು ಡ್ಯೂಟಿ ಮಾಡ್ತಾರಾ?’ ಎಂದು ಅಪ್ಪ ನಕ್ಕ. ಮಾರನೇ ದಿನ ಊಟಕ್ಕೆ ಕರೆದರೂ ಏಳಲಿಲ್ಲ.

ಮೊದಲು ಅವನು ಹುಡುಕಿದ್ದು ಬಲಗಡೆ ಸ್ಟೇರಿಂಗಿರುವ ಲಾರಿ. ಪುಣ್ಯಕ್ಕೆ ಆಟದಲ್ಲಿ ಬ್ರಿಟನ್ ಇದೆ, ಅಲ್ಲಿ ನಮ್ಮ ಹಾಗೆ ಎಡಗಡೆ ಸಂಚಾರ, ಬಲಗಡೆ ಕೂರುವ ಕ್ಯಾಬಿನ್ನೂ ಕೊಳ್ಳಲು ಸಿಗುತ್ತದೆ. ಹಾಗಾಗಿ ಅಪ್ಪ ಡೋವರ್, ಫೆಲಿಕ್ಸ್‌ಸ್ಟೋ, ಕಾರ್ಡಿಫ್ ಅಂತ ಓಡಾಡತೊಡಗಿದ. ಆದರೆ ಬ್ರಿಟನ್ನಿನ ರಸ್ತೆಯಲ್ಲಿ ಹೆಜ್ಜೆಗೊಂದು ವೃತ್ತ. ವೃತ್ತಕ್ಕೆ ನುಗ್ಗುವ ಮುಂಚೆ ಬಲಕ್ಕೆ ನೋಡಿ, ಅಲ್ಲಿಂದ ಬರುವವರಿಗೆ ದಾರಿ ಬಿಡಬೇಕು. ಪರದೆಯಲ್ಲಿ ಕಾಣುವುದು ಮುಂದಿನ ಗಾಜು ಮಾತ್ರ. ಬಲಕ್ಕೆ ನೋಡಲು ಮೌಸು ಎಳೆಯಬೇಕು, ಇಲ್ಲವೇ ಕೀ ಒತ್ತಬೇಕು. 31 ವರ್ಷ ಎರಡೂ ಕೈಯನ್ನು ಸ್ಟೇರಿಂಗು ಗೇರಿನ ಮೇಲೆ ಇಟ್ಟವನಿಗೆ ಇದು ಒಗ್ಗಲಿಲ್ಲ. ಪ್ರತಿ ವೃತ್ತದಲ್ಲೂ ಡಿಕ್ಕಿ. ‘ನಮ್ಮ ಎನ್.ಆರ್. ಸರ್ಕಲ್ಲೇ ವಾಸಿ, ತಿರುಗಿ ನೋಡಬೋದು’ ಎಂದು ಗೊಣಗಿ ಒಂದು ಸಂಜೆ ಎದ್ದುಬಿಟ್ಟ. ಆಟದಲ್ಲಿ ಸೋತ ಬೇಸರವಲ್ಲ ಅದು. ಗೇಟಿನ ಹತ್ತಿರ ಆದದ್ದೇ ಇಲ್ಲೂ ಆಗಿತ್ತು.

ಹೆಡ್ ಟ್ರ್ಯಾಕಿಂಗ್ ಇದೆ ಎಂದು ಹೇಳಿದ್ದು ಅತ್ತೆ ಮಗ. ಇದಕ್ಕೆಂದೇ ಮಾಡಿದ ಹೆಸರಾಂತ ಉಪಕರಣ ಟ್ರ್ಯಾಕ್‌ಐಆರ್. ಅಮೆರಿಕದ ಒರೆಗಾನ್ ರಾಜ್ಯದ ನ್ಯಾಚುರಲ್‌ಪಾಯಿಂಟ್ ಕಂಪನಿಯದು. ಅದೇ ಕಂಪನಿ ಕೈ ಬಳಸಲಾಗದವರಿಗೆ ತಲೆಯಿಂದಲೇ ಮೌಸ್ ಆಡಿಸುವ ಸಾಧನವನ್ನೂ ಮಾಡುತ್ತಿತ್ತು ಎಂದು ಆಮೇಲೆ ತಿಳಿಯಿತು. ಬೆಲೆ ನೋಡಿ ಅದನ್ನು ಅಲ್ಲಿಗೇ ಬಿಟ್ಟೆ. ಪುಕ್ಕಟೆ ಸಿಗುವುದು ಓಪನ್‌ಟ್ರ್ಯಾಕ್. ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ಸಾಧಾರಣ ವೆಬ್‌ಕ್ಯಾಮ್ ಸಾಕು. ತೆರೆದರೆ ಒಂದು ಗುಲಾಬಿ ಬಣ್ಣದ ಆಕ್ಟೋಪಸ್. ನೀವು ತಲೆ ಆಡಿಸಿದಂತೆ ಅದೂ ಆಡಿಸುತ್ತದೆ. ಪಕ್ಕದಲ್ಲಿ ಆರು ಅಂಕಿಗಳ ಎರಡು ಸಾಲು: ಕ್ಯಾಮೆರಾ ಕಂಡದ್ದು ಒಂದು, ಆಟಕ್ಕೆ ಕಳಿಸುವುದು ಇನ್ನೊಂದು.

ಈ ಎರಡು ಸಾಲುಗಳ ನಡುವೆಯೇ ಎಲ್ಲ ಮಜವೂ ಇರುವುದು. ಯೋಚಿಸಿ ನೋಡಿ: ಪರದೆ ಇರುವುದು ನಿಮ್ಮ ಎದುರಿಗೆ. ಬಲಗಡೆ ಕಿಟಕಿ ನೋಡಲು ನಿಜವಾಗಿ 90 ಡಿಗ್ರಿ ತಿರುಗಿದರೆ ಕಾಣುವುದು ನಿಮ್ಮನೆ ಗೋಡೆ. ಅದಕ್ಕೇ ತಂತ್ರಾಂಶ ನಿಮ್ಮ ಸಣ್ಣ ತಿರುಗಾಟವನ್ನು ಹಿಗ್ಗಿಸುತ್ತದೆ. ನೀವು 20 ಡಿಗ್ರಿ ತಿರುಗಿದರೆ ಲಾರಿಯೊಳಗಿನವನು 90 ಡಿಗ್ರಿ ತಿರುಗುತ್ತಾನೆ, ನಿಮ್ಮ ಕಣ್ಣು ಮಾತ್ರ ಓರೆಯಾಗಿ ಪರದೆಯ ಮೇಲೇ ನಿಂತಿರುತ್ತದೆ. ತಲೆ ಬಲಕ್ಕೆ, ಕಣ್ಣು ಎಡಕ್ಕೆ. ಬರೆದರೆ ಕಷ್ಟ ಅನ್ನಿಸುತ್ತದೆ, ಕೂತರೆ ಹತ್ತು ನಿಮಿಷದಲ್ಲಿ ಮೈಗೆ ಹತ್ತುತ್ತದೆ. ಎಷ್ಟು ಡಿಗ್ರಿಗೆ ಎಷ್ಟು ಎಂಬುದನ್ನು ಒಂದು ನಕ್ಷೆಯ ಮೇಲೆ ಗೆರೆ ಎಳೆದು ಹೇಳಬೇಕು. ಶುರುವಿನ ಎರಡು ಮೂರು ಡಿಗ್ರಿ ಗೆರೆ ಮಟ್ಟಸವಾಗಿ ಮಲಗಿರಲಿ, ಇಲ್ಲದಿದ್ದರೆ ಉಸಿರಾಡಿದರೂ ರಸ್ತೆ ಅಲ್ಲಾಡುತ್ತದೆ. ಅಲ್ಲಿಂದ ಮುಂದೆ ಮೆಲ್ಲಗೆ ಏರಲಿ.

ಮೊದಲ ಸಂಜೆ ಪೂರಾ ತಮಾಷೆ. ನಮ್ಮ ಟ್ಯೂಬ್‌ಲೈಟು ವೆಬ್‌ಕ್ಯಾಮಿಗೆ ಪಟ್ಟೆಪಟ್ಟೆಯಾಗಿ ಕಾಣುತ್ತಿತ್ತು. ನಮ್ಮ ಕರೆಂಟು 50 ಹರ್ಟ್ಸ್, ಕ್ಯಾಮೆರಾದ ಸೆಟ್ಟಿಂಗು 60ರಲ್ಲಿತ್ತು. ಅದನ್ನು ಸರಿಮಾಡಿದ ಮೇಲೆ ಅಪ್ಪ ಕಾಫಿ ಲೋಟಕ್ಕೆ ಬಗ್ಗಿದ. ಕ್ಯಾಮೆರಾ ಅವನ ಮುಖ ಕಳೆದುಕೊಂಡು, ಹಿಂದಿನ ಗೋಡೆಯಲ್ಲಿ ಗಂಧದ ಹಾರ ಹಾಕಿಕೊಂಡಿದ್ದ ತಾತನ ಫೋಟೋ ಹಿಡಿಯಿತು. ಲಾರಿಯ ಚಾಲಕ ಆಕಾಶ ನೋಡುತ್ತಾ ಬರ್ಮಿಂಗ್‌ಹ್ಯಾಮ್ ಕಡೆ ಹೊರಟ. ‘ನಮ್ಮಪ್ಪ ಬದುಕಿದ್ದಾಗ ಎತ್ತಿನ ಗಾಡಿನೂ ನೆಟ್ಟಗೆ ಹೊಡೀಲಿಲ್ಲ’ ಎಂದ ಅಪ್ಪ. ಅವ್ವ ಒಲೆ ಹತ್ತಿರದಿಂದ ಏನಾದರೂ ಕೇಳಿದಾಗೆಲ್ಲ ಅವನು ಅಭ್ಯಾಸಬಲದಿಂದ ತಲೆ ವಾಲಿಸಿ ಹೂಂ ಅನ್ನುವನು, ಇಡೀ ಕ್ಯಾಬಿನ್ ಹಡಗಿನ ಹಾಗೆ ವಾಲುವುದು. ರೋಲನ್ನು ಆರಿಸಿಬಿಟ್ಟೆ. ಇದನ್ನು ಮಾಡಿದವರು ಯಾರೂ ನಮ್ಮ ಕಡೆಯವರಲ್ಲ ಎಂದು ಅಲ್ಲೇ ಗೊತ್ತಾಯಿತು.

ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ನೋಡಿದ ಅವ್ವನಿಗೆ ಐದೇ ನಿಮಿಷಕ್ಕೆ ತಲೆ ಸುತ್ತಿತು. ಶಿರಾಡಿಯಲ್ಲೂ ಅವಳಿಗೆ ಹಾಗೇ. ತಿರುಗಿಸುವವನಿಗೆ ಮುಂದೇನು ಬರುತ್ತದೆಂದು ಗೊತ್ತಿರುತ್ತದೆ, ಪಕ್ಕದಲ್ಲಿ ಕೂತವರಿಗೆ ಗೊತ್ತಿರುವುದಿಲ್ಲ.

ಗೆರೆ ಎಳೆಯಬೇಕಾದರೆ ಮೊದಲು ಅವನ ಕತ್ತು ಎಷ್ಟು ತಿರುಗುತ್ತದೆ ಎಂದು ಅಳೆಯಬೇಕಿತ್ತು. ‘ಎಡಕ್ಕೆ ತಿರುಗಪ್ಪ’ ಎಂದೆ. ಅಂಕಿ 40 ತೋರಿಸಿತು. ಪರವಾಗಿಲ್ಲವಲ್ಲ ಎಂದುಕೊಂಡು ನೋಡಿದರೆ ತಿರುಗಿದ್ದು ಕತ್ತಲ್ಲ, ಕುರ್ಚಿ. ಕ್ಯಾಮೆರಾಕ್ಕೆ ಕಾಣುವುದು ಮುಖ ಯಾವ ಕಡೆಗಿದೆ ಎಂಬುದು ಮಾತ್ರ. ಸೊಂಟ ತಿರುಗಿತೋ ಭುಜ ತಿರುಗಿತೋ ಅದಕ್ಕೆ ಬೇಕಿಲ್ಲ. ಹಿಂದೆ ನಿಂತು ಅವನ ಎರಡೂ ಭುಜ ಹಿಡಿದುಕೊಂಡೆ. ‘ಈಗ ತಿರುಗು. ಮೈ ಬೇಡ, ಕತ್ತು ಮಾತ್ರ.’

14.

‘ಪೂರ್ತಿ ತಿರುಗಪ್ಪ.’

‘ಪೂರ್ತಿನೇ ಕಣವ್ವ ಇದು.’

ನನ್ನ ಕೈಯಡಿಯಲ್ಲಿ ಅವನ ಭುಜ ಬಿಗಿಯಾಗಿತ್ತು. ಬಲಕ್ಕೆ 23. ಅವನು ಎದ್ದ ಮೇಲೆ ನಾನು ಕೂತು ತಿರುಗಿ ನೋಡಿದೆ: ಎರಡೂ ಕಡೆ 70 ದಾಟಿತು, ಅದರಾಚೆ ಕ್ಯಾಮೆರಾವೇ ಕೈಬಿಟ್ಟಿತು. ಮಂಡಿನೋವು, ಬಿಪಿ, ಸಕ್ಕರೆ ಎಂದು ದಿನವಿಡೀ ಹೇಳಿಕೊಳ್ಳುವ ಅವ್ವನಿಗೆ 60. ಕತ್ತು ನೋವು ಎಂದರೆ ನನ್ನ ಮನಸ್ಸಿನಲ್ಲಿದ್ದದ್ದು ನೋವು, ಮುಲಾಮು, ಬಿಸಿನೀರಿನ ಚೀಲ. ಅವನ ಪ್ರಪಂಚ ಇಷ್ಟು ಕಿರಿದಾಗಿದೆ ಎಂದು ಅಂಕಿ ಬರುವವರೆಗೆ ನಮಗೆ ಕಂಡಿರಲಿಲ್ಲ. ಮದುವೆ ಮನೆಯಲ್ಲಿ ಯಾರಾದರೂ ಪಕ್ಕದಿಂದ ಮಾತಾಡಿಸಿದರೆ ಪೂರಾ ಎದ್ದು ನಿಂತು ತಿರುಗುತ್ತಿದ್ದ. ಬಂದವರು ಅದನ್ನು ಮರ್ಯಾದೆ ಅಂದುಕೊಳ್ಳುತ್ತಿದ್ದರು. ನಾವೂ ಅಷ್ಟೇ.

ಕತ್ತಿನಲ್ಲಿ 7 ಮೂಳೆ. ತಲೆ ತಿರುಗುವುದರಲ್ಲಿ ಸುಮಾರು ಅರ್ಧ ಪಾಲು ಮೇಲಿನ ಎರಡರ ನಡುವೆಯೇ ನಡೆಯುತ್ತದೆ, ಉಳಿದದ್ದನ್ನು ಕೆಳಗಿನವು ಹಂಚಿಕೊಳ್ಳುತ್ತವೆ. ಎಡಗಡೆಯೇ ಯಾಕೆ ಹೆಚ್ಚು ಕೆಟ್ಟಿತು ಎಂಬುದಕ್ಕೆ ಅಪ್ಪನದೇ ವಿವರಣೆ ಇದೆ: ಬಲಗಡೆ ಮಿರರ್ರು ಮೂಗಿನ ಹತ್ತಿರ, ಎಡಗಡೆಯದು ಬಸ್ಸಿನ ಆ ತುದಿಯಲ್ಲಿ, ಬಾಗಿಲಲ್ಲಿ ಹತ್ತುವವರು ಇಳಿಯುವವರೂ ಆ ಕಡೆಗೇ, 31 ವರ್ಷ ನೋಡಿ ನೋಡಿ ಸವೆಯಿತು. ಇದನ್ನು ಕೇಳಿದ ಡಾಕ್ಟರು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ, ರೋಲ್ ಮಾಡಿದರು.

ಓಪನ್‌ಟ್ರ್ಯಾಕಿನಲ್ಲಿ ಎಡಕ್ಕೊಂದು ಬಲಕ್ಕೊಂದು ಬೇರೆ ಬೇರೆ ಗೆರೆ ಎಳೆಯುವ ಅನುಕೂಲ ಇದೆ. ಬಲಗಡೆ 23ಕ್ಕೆ 90, ಎಡಗಡೆ 14ಕ್ಕೆ 90. ಎಡಗಡೆಯ ಗೆರೆ ಗೋಡೆಗೆ ಒರಗಿಸಿದ ಏಣಿಯ ಹಾಗೆ ಕಡಿದಾಗಿ ನಿಂತಿತು. ಆರು ಪಟ್ಟಿಗಿಂತ ಹೆಚ್ಚು ಹಿಗ್ಗಿಸಿದರೆ ತಪ್ಪುಗಳೂ ಅಷ್ಟೇ ಹಿಗ್ಗುತ್ತವೆ. ವೆಬ್‌ಕ್ಯಾಮಿನ ಅರ್ಧ ಡಿಗ್ರಿ ನಡುಕ ಪರದೆಯಲ್ಲಿ ಮೂರು ಡಿಗ್ರಿ, ಎಡಗಡೆಯ ಕನ್ನಡಿ ಜ್ವರ ಬಂದ ಹಾಗೆ ನಡುಗುತ್ತಿತ್ತು. ನಡುಕ ತಗ್ಗಿಸಲು ಫಿಲ್ಟರ್ ಇದೆ. ಅದನ್ನು ಏರಿಸಿದರೆ ನೋಟ ತಲೆಯ ಹಿಂದೆ ಅರೆಗಳಿಗೆ ತಡವಾಗಿ ತೇಲಿಕೊಂಡು ಬರುತ್ತದೆ. ನಡುಕ ಬೇಕೋ ತಡ ಬೇಕೋ, ಎರಡರಲ್ಲಿ ಒಂದನ್ನು ಆರಿಸಿಕೋ ಎಂದಂತೆ. ತಡವನ್ನು ಅಪ್ಪ ಒಪ್ಪಲೇ ಇಲ್ಲ. ‘ಬ್ರೇಕು ತಡವಾಗಿ ಹಿಡಿಯೋ ಗಾಡಿ ಇದು, ಡಿಪೋಗೆ ಕಳಿಸು’ ಎಂದ.

ಇದಕ್ಕೆ ಮದ್ದು ಇನ್‌ಫ್ರಾರೆಡ್. ಮುಖವನ್ನು ಊಹಿಸುವ ಬದಲು, ತಲೆಗೆ ಮೂರು ಇನ್‌ಫ್ರಾರೆಡ್ ಎಲ್‌ಇಡಿ ಕಟ್ಟಿ ಆ ಮೂರು ಚುಕ್ಕೆಗಳನ್ನಷ್ಟೇ ಕ್ಯಾಮೆರಾ ನೋಡುವ ಹಾಗೆ ಮಾಡುವುದು. ಚುಕ್ಕೆಗಳ ನಡುವಿನ ಅಂತರ ಹೇಗೆ ಬದಲಾಯಿತು ಎಂಬುದರಿಂದ ಆರೂ ಅಂಕಿಗಳು ಹುಟ್ಟುತ್ತವೆ, ಮೂರು ಚುಕ್ಕೆ ಸಾಕು. ಕ್ಯಾಮೆರಾಕ್ಕೆ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಹಳೆಯ ಪಿಎಸ್3 ಐ ಸಿಕ್ಕಿತು. ಸೋನಿಯವರು ಪ್ಲೇಸ್ಟೇಷನ್ 3ಕ್ಕೆಂದು ಮಾಡಿದ್ದು, ಸೆಕೆಂಡಿಗೆ 60 ಚಿತ್ರ ಹಿಡಿಯುತ್ತದೆ. ಲೆನ್ಸಿನ ಹಿಂದೆ ಇನ್‌ಫ್ರಾರೆಡ್ಡನ್ನು ತಡೆಯುವ ಗಾಜಿನ ಚೂರಿರುತ್ತದೆ, ಅದನ್ನು ಎಬ್ಬಿಸಿ ತೆಗೆಯಬೇಕು. ಆ ಜಾಗಕ್ಕೆ ಕಣ್ಣಿಗೆ ಕಾಣುವ ಬೆಳಕನ್ನು ತಡೆದು ಇನ್‌ಫ್ರಾರೆಡ್ಡನ್ನು ಮಾತ್ರ ಬಿಡುವ ಏನಾದರೂ ಬೇಕು. ಅತ್ಯುತ್ತಮವಾದದ್ದು ಏನು ಗೊತ್ತೇ? ಹಳೇ ಫ್ಲಾಪಿಯ ಒಳಗಿನ ಕಂದು ತಟ್ಟೆ. ನಮ್ಮ ಕಾಲೇಜಿನ ಸ್ಟೋರ್ ರೂಮಿನಲ್ಲಿ ಹರಾಜೂ ಆಗದೆ, ಬಿಸಾಡಲು ಸಹಿ ಹಾಕುವವರೂ ಇಲ್ಲದೆ ಫ್ಲಾಪಿಗಳ ಡಬ್ಬಗಳು ಕೂತಿದ್ದವು. ಒಂದನ್ನು ಕೇಳಿ ಪಡೆದು ಕತ್ತರಿಸಿದೆ. ಎರಡು ಪದರ ಇಟ್ಟರೆ ಟ್ಯೂಬ್‌ಲೈಟು ಮಾಯ, ತಾತನ ಫೋಟೋ ಮಾಯ, ಕತ್ತಲಲ್ಲಿ ಮೂರು ಬಿಳಿ ಚುಕ್ಕೆ.

ಎಲ್‌ಇಡಿಗಳನ್ನು ಸಾಲಾಗಿ ಬೆಸೆದು, ಒಂದು ಸಣ್ಣ ರೆಸಿಸ್ಟರ್ ಸೇರಿಸಿ, ಮೊಬೈಲ್ ಚಾರ್ಜರಿನ 5 ವೋಲ್ಟ್ ಕೊಟ್ಟೆ. ಹತ್ತಿದೆಯೋ ಇಲ್ಲವೋ ಬರಿಗಣ್ಣಿಗೆ ಕಾಣುವುದಿಲ್ಲ. ಮೊಬೈಲಿನ ಕ್ಯಾಮೆರಾದಲ್ಲಿ ನೋಡಿದರೆ ನಸುನೇರಳೆ ಹೊಳೆಯುತ್ತದೆ, ಟಿವಿ ರಿಮೋಟಿನದು ಹೊಳೆಯುವ ಹಾಗೆ. 2007ರಲ್ಲಿ ಜಾನಿ ಚಂಗ್ ಲೀ ಎಂಬ ಸಂಶೋಧನಾ ವಿದ್ಯಾರ್ಥಿ ಕನ್ನಡಕಕ್ಕೆ ಇನ್‌ಫ್ರಾರೆಡ್ ದೀಪ ಕಟ್ಟಿಕೊಂಡು, ವಿಡಿಯೋ ಗೇಮಿನ ರಿಮೋಟನ್ನೇ ಕ್ಯಾಮೆರಾ ಮಾಡಿಕೊಂಡು ಇದೇ ಬಗೆಯ ಕೆಲಸ ತೋರಿಸಿದ್ದ. ಆ ವಿಡಿಯೋ ನಮ್ಮ ಹುಡುಗರಿಗೆ ತರಗತಿಯಲ್ಲಿ ತೋರಿಸುವುದುಂಟು. ಅಪ್ಪ ಕನ್ನಡಕಕ್ಕೆ ಕೈ ಹಚ್ಚಲು ಬಿಡಲಿಲ್ಲ. ಬೀಜದ ಕಂಪನಿಯವರು ಪುಕ್ಕಟೆ ಕೊಟ್ಟಿದ್ದ ಜೋಳದ ಚಿತ್ರದ ಟೊಪ್ಪಿಯ ಮೇಲೆ ಮೂರನ್ನೂ ಕೂರಿಸಿದೆ. ಹಾಕಿಕೊಂಡು ಕನ್ನಡಿ ನೋಡಿ, ‘ಮದುಮಗನ ಬಾಸಿಂಗ’ ಎಂದ.

ಆವತ್ತು ರಾತ್ರಿ ಲಂಡನ್ನಿಂದ ಕಾರ್ಡಿಫಿಗೆ ಲೋಡು. ಮೊದಲ ವೃತ್ತ ಬಂತು. ಅಪ್ಪ ಗೇರು ಇಳಿಸಿದ, ತಲೆ ಬಲಕ್ಕೆ ಒಂದಿಷ್ಟು ಹೊರಳಿತು, ಬಲಗಡೆಯ ಕಿಟಕಿ ಪರದೆಗೆ ಬಂತು, ಒಂದು ಕೆಂಪು ಕಾರು ಹಾದುಹೋಯಿತು, ತಲೆ ನೆಟ್ಟಗಾಯಿತು, ಲಾರಿ ನುಗ್ಗಿತು. ಎಡಕ್ಕೆ ಹೊರಳಿದ, ಆ ತುದಿಯ ಮಿರರ್ರಿನಲ್ಲಿ ಟ್ರೈಲರಿನ ಹಿಂದಿನ ಚಕ್ರ ಅಂಚುಕಲ್ಲನ್ನು ತಪ್ಪಿಸಿಕೊಂಡದ್ದು ಕಂಡಿತು. ಅವನು ಏನೂ ಹೇಳಲಿಲ್ಲ. ನಾಲಿಗೆಯಿಂದ ‘ಚ್’ ಎಂದ, ಅದು ಅವನ ಸಮಾಧಾನದ ಸದ್ದು. ನಾನು ನೋಡುತ್ತಿದ್ದದ್ದು ಪರದೆಯನ್ನಲ್ಲ, ಟೊಪ್ಪಿಯನ್ನು.

ಹದಿನೈದು ದಿನ ಕಳೆದಿರಬೇಕು. ಕಾಫಿ ಕುಡಿಯುತ್ತಾ ಕೇಳಿದ: ‘ಇದನ್ನ ಕಾರಿಗೂ ಹಾಕಕ್ಕಾಗಲ್ವಾ?’

ಈ ಪ್ರಶ್ನೆ ಬರುತ್ತದೆಂದು ನನಗೆ ಅಂದಾಜಿತ್ತು, ಉತ್ತರ ಮಾತ್ರ ಕೂಡಿಸಿಟ್ಟಿರಲಿಲ್ಲ. ಕ್ಯಾಮೆರಾ, ಪರದೆ, ಹಿಂದೆ ನೋಡುವ ಸೆನ್ಸರ್ ಎಂದೆಲ್ಲ ಶುರುಮಾಡಿದೆ. ಅವನೇ ತಡೆದ. ‘ಮಿರರ್ರು ಅಂದ್ರೆ ಅದೇ ಅಲ್ವೇನವ್ವ? ಕಣ್ಣು ಒಂಚೂರು ಆಡಿಸಿದ್ರೆ ಹಿಂದೆಲ್ಲ ಕಾಣ್ತದೆ. ಆದ್ರೆ ಮಿರರ್ರಲ್ಲಿ ಕಾಣದ ಜಾಗ ಒಂದೈತೆ. ಆ ಹುಡುಗ ಬಂದಿದ್ದು ಅಲ್ಲಿಂದಲೇ. ಅಲ್ಲಿಗೆ ಕತ್ತೇ ತಿರುಗಬೇಕು.’ ಲೋಟ ಕೆಳಗಿಟ್ಟ. ‘ಹಿಂದೆ ಐವತ್ತು ಜನ ಕೂತಿದ್ದಾಗ ಈ ಕತ್ತಿದ್ದಿದ್ರೆ ನಾನೇ ಡ್ಯೂಟಿ ಬೇಡ ಅಂತಿದ್ದೆ. ಮನೆ ಕಾರು ಅಂತ ಬೇರೆ ಕಾನೂನಾ?’

ಅವ್ವ ಒಳಗೆ ಪಾತ್ರೆ ಉಜ್ಜುವುದನ್ನು ನಿಲ್ಲಿಸಿದ್ದಳು.

ಅಳತೆಗಳನ್ನು ಬರೆದಿಟ್ಟಿದ್ದ ಚೀಟಿಯನ್ನು ಫಿಸಿಯೋಥೆರಪಿಯವರಿಗೆ ತೋರಿಸಿದಾಗ ಅವರು ಕುತೂಹಲದಿಂದ ನೋಡಿದರು. ಆಮೇಲೆ, ಹಿಗ್ಗಿಸುವ ವಿಷಯ ಕೇಳಿ ಹುಬ್ಬು ಗಂಟಿಕ್ಕಿದರು. 14ರಲ್ಲೇ ಎಲ್ಲ ಕಂಡರೆ 15ಕ್ಕೆ ಯಾಕೆ ಹೋಗುತ್ತಾರೆ, ಆಡಿಸದ ಕತ್ತು ಇನ್ನೂ ಬಿಗಿಯುತ್ತದೆ ಎಂದರು. ಮಾತು ಸರಿಯೇ. ಆದರೆ ಅವನು ಕೂತು ಕತ್ತು ಆಡಿಸುತ್ತಿರುವುದೇ ಎಲ್ಲ ಕಾಣುತ್ತದೆ ಎಂಬ ಕಾರಣಕ್ಕೆ. ಕೊನೆಗೆ ಎರಡು ಪ್ರೊಫೈಲ್ ಮಾಡಿದೆ. ‘ಹಾಸನ’ ಎಂಬುದು ಸಲೀಸು, ಹಳೆಯ ಗೆರೆ. ‘ಶಿರಾಡಿ’ ಎಂಬುದರಲ್ಲಿ ಅವನ ಅಳತೆಗಿಂತ ಎರಡು ಡಿಗ್ರಿ ಹೆಚ್ಚು ತಿರುಗಿದರೆ ಮಾತ್ರ ಕನ್ನಡಿ ಪೂರಾ ಕಾಣುತ್ತದೆ. ದಿನಕ್ಕೆ ಅರ್ಧ ಗಂಟೆ ಶಿರಾಡಿ, ನೋವು ಬಂದರೆ ನಿಲ್ಲಿಸುವುದು, ಆಮೇಲೆ ಹಾಸನ. ಶಿರಾಡಿ ಹಾಕಿದ ದಿನ ಮುಖ ಗಂಟಿಕ್ಕಿಕೊಂಡು ಕೂರುತ್ತಾನೆ. ನಾನು ಕಾಲೇಜಿಗೆ ಹೋದ ಮೇಲೆ ಅವನೇ ಹಾಸನಕ್ಕೆ ಬದಲಾಯಿಸಿಕೊಳ್ಳುತ್ತಾನೆ ಎಂದು ಅವ್ವನ ಚಾಡಿ. ಮೂರು ತಿಂಗಳಿಗೆ ಎಡಕ್ಕೆ 19 ಆಗಿದೆ. ವ್ಯಾಯಾಮವೂ ಜೊತೆಗೆ ನಡೆದಿದೆ, ಹಾಗಾಗಿ ಯಾವುದರಿಂದ ಎಷ್ಟು ಎಂದು ಬಿಡಿಸಿ ಹೇಳಲಾರೆ.

ಯುಗಾದಿ ಕಳೆದ ಮೇಲೆ ಮಾರುತಿಯನ್ನು ಪಕ್ಕದ ಬೀದಿಯ ಹುಡುಗನೊಬ್ಬ ಕೊಂಡ. ಅಕ್ಕಿ ಡಬ್ಬದಿಂದ ಕೀಲಿ ತೆಗೆದು ಒರೆಸಿ ಕೊಟ್ಟದ್ದು ಅಪ್ಪನೇ. ಹುಡುಗ ಹೊಸಬ, ಗೇಟು ಇಕ್ಕಟ್ಟು. ಅಪ್ಪ ರಸ್ತೆಗೆ ಹೋಗಿ ನಿಂತು, ಎಡಕ್ಕೆ ನೋಡಲು ಒಮ್ಮೆ ಪೂರಾ ಎಡಕ್ಕೆ ತಿರುಗಿ, ಬಲಕ್ಕೆ ನೋಡಲು ಒಮ್ಮೆ ಪೂರಾ ಬಲಕ್ಕೆ ತಿರುಗಿ, ಕಾರಿನ ಬೆನ್ನಿಗೆ ಅಂಗೈಯಿಂದ ತಟ್ಟುತ್ತಾ ‘ಬಾ, ಬಾ, ಬಾ, ಹಾಂ, ರೈಟ್’ ಎಂದು ಹಿಂದಕ್ಕೆ ತೆಗೆಸಿದ. ಕಾರು ಹೋದ ಮೇಲೆ ಗೇಟು ಹಾಕಿಕೊಂಡು ಒಳಗೆ ಬಂದು, ಗ್ಲಾಸ್ಗೋಗೆ ಒಂದು ಲೋಡಿದೆ, ರಾತ್ರಿ ಊಟ ಬೇಗ ಆಗಲಿ ಎಂದು ಅವ್ವನಿಗೆ ಹೇಳಿದ.